ಸೊನ್ನೆ ಬಂದರೆ ಟ್ಯಾಂಕು ತುಂಬಿದೆ ಎಂದಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಹಗಲೆಲ್ಲ ಕೋಡ್ ಬರೆದು, ಸಂಜೆಗೆ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳುವವರ ಪತ್ರಗಳಿವು.

ಪ್ರಶ್ನೆ: ಮಾಳಿಗೆ ಮೇಲಿನ 1000 ಲೀಟರ್ ಟ್ಯಾಂಕಿಗೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಸೆನ್ಸರ್ (ಪ್ರತಿಧ್ವನಿಯಿಂದ ದೂರ ಅಳೆಯುವುದು) ಮತ್ತು ವೈಫೈ ಇರುವ ಇಎಸ್‌ಪಿ32 ಬೋರ್ಡ್ ಹಾಕಿ, ನೀರಿನ ಮಟ್ಟ ಮೊಬೈಲಿಗೆ ಬರುವ ಹಾಗೆ ಮಾಡಿದ್ದೇನೆ. ಕೆಳಗಿನ ಅಡಾಪ್ಟರಿನಿಂದ 15 ಮೀಟರ್ ಲ್ಯಾನ್ ಕೇಬಲ್ಲಿನ ಒಂದು ಜೊತೆ ತಂತಿಯಲ್ಲಿ 5 ವೋಲ್ಟ್ ಮೇಲಕ್ಕೆ ಹೋಗುತ್ತದೆ. ಎರಡು ತಿಂಗಳು ಸರಿಯಿತ್ತು. ಈಗ ಟ್ಯಾಂಕು ಬರಿದಾಗಿದ್ದರೂ ಕೆಲವು ಸಲ ‘ಪೂರ್ತಿ ತುಂಬಿದೆ’ ಎನ್ನುತ್ತದೆ. ಮಧ್ಯಾಹ್ನ ಒಂದು ಲೆಕ್ಕ, ರಾತ್ರಿ ಒಂದು ಲೆಕ್ಕ. ಬೋರ್ಡ್ ಆಗಾಗ ತಾನಾಗೇ ರೀಸ್ಟಾರ್ಟ್ ಆಗುತ್ತದೆ. ಸೆನ್ಸರ್ ಬದಲಿಸಿದರೆ ಸಾಕೇ?
(ವಿದ್ಯಾನಗರ, ದಾವಣಗೆರೆ)

ಉತ್ತರ: ಸಾಲದು. ನಿಮ್ಮ ಪತ್ರದಲ್ಲಿ ಇರುವುದು ಒಂದು ತೊಂದರೆಯಲ್ಲ, ಒಂದರ ಮೇಲೊಂದು ಕೂತ ನಾಲ್ಕು ತೊಂದರೆಗಳು.

ಮೊದಲು ಕೋಡ್ ನೋಡಿ, ಏಕೆಂದರೆ ಅಪಾಯ ಇರುವುದು ಅಲ್ಲೇ. ಪ್ರತಿಧ್ವನಿ ಬರದೇ ಹೋದರೆ, ಅದರ ಹೊತ್ತು ಅಳೆಯುವ ‘ಪಲ್ಸ್‌ಇನ್’ ಫಂಕ್ಷನ್ ಸ್ವಲ್ಪ ಹೊತ್ತು ಕಾದು ಸೊನ್ನೆ ಕೊಡುತ್ತದೆ. ನಿಮ್ಮ ಲೆಕ್ಕ ‘ಟ್ಯಾಂಕಿನ ಎತ್ತರ ಕಳೆ ದೂರ’ ಎಂದಿದ್ದರೆ, ದೂರ ಸೊನ್ನೆಯಾದ ಕ್ಷಣ ಟ್ಯಾಂಕು ಕಂಠಮಟ್ಟ ತುಂಬಿದಂತೆ ಕಾಣುತ್ತದೆ. ಸೆನ್ಸರ್ ಬಾಯಿ ಮುಚ್ಚಿದ್ದನ್ನು ಪ್ರೋಗ್ರಾಂ ‘ತುಂಬಿದೆ’ ಎಂದು ಓದಿಕೊಂಡಿದೆ, ಅಷ್ಟೆ. ಸೊನ್ನೆ ಬಂದರೆ, ಅಥವಾ ಟ್ಯಾಂಕಿನ ಎತ್ತರಕ್ಕಿಂತ ಹೆಚ್ಚಿನ ದೂರ ಬಂದರೆ, ಅದನ್ನು ‘ಗೊತ್ತಿಲ್ಲ’ ಎಂಬ ಬೇರೆಯೇ ಸ್ಥಿತಿಯಾಗಿ ಇಟ್ಟುಕೊಳ್ಳಿ, ಮೊಬೈಲಿನಲ್ಲೂ ಹಾಗೇ ತೋರಿಸಿ. ಪ್ರತಿ ಸಲ 60 ಮಿಲಿಸೆಕೆಂಡ್ ಅಂತರದಲ್ಲಿ ಏಳು ಅಳತೆ ತೆಗೆದು, ಏರಿಕೆ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಹಿಡಿಯಿರಿ. ಸರಾಸರಿ ಬೇಡ. ಏಳರಲ್ಲಿ ಒಂದು ಸುಳ್ಳಾದರೂ ಸರಾಸರಿ ಕೆಡುತ್ತದೆ, ನಡುವಿನದು ಅಲುಗುವುದಿಲ್ಲ.

ಎರಡನೆಯದು ಸೆನ್ಸರ್. ಎಚ್‌ಸಿ-ಎಸ್‌ಆರ್04ರ ಎರಡು ಕಣ್ಣುಗಳ ಮುಂದೆ ಇರುವುದು ಬರೀ ಜಾಲರಿ. ಟ್ಯಾಂಕಿನೊಳಗಿನ ಹಬೆ ಅದರೊಳಗೆ ನುಗ್ಗಿ ನೀರಾಗಿ ನಿಲ್ಲುತ್ತದೆ, ಕಾಲುಗಳಿಗೆ ಹಸಿರು ತುಕ್ಕು ಹಿಡಿಯುತ್ತದೆ. ಮುಖ ಮುಚ್ಚಿದ, ಕಾರಿನ ರಿವರ್ಸ್ ಸೆನ್ಸರ್‌ನಂಥ ಜೆಎಸ್‌ಎನ್-ಎಸ್‌ಆರ್04ಟಿ ತನ್ನಿ. ಆದರೆ ಅದಕ್ಕೆ 20-25 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ. ಹಾಗಾಗಿ ಸೆನ್ಸರಿನ ಮುಖಕ್ಕೂ ನೀರು ಏರುವ ತುತ್ತತುದಿಗೂ 25 ಸೆಂ.ಮೀ. ಜಾಗ ಬೇಕು. ಜಾಗ ಸಾಲದಿದ್ದರೆ ಫ್ಲೋಟ್ ವಾಲ್ವನ್ನು ತಗ್ಗಿಸಿ. ಪೈಪಿನ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಿಸಲು ಹೋಗಬೇಡಿ, ಧ್ವನಿ ಪೈಪಿನ ಒಳಗೋಡೆಗೆ ಬಡಿದು ಮರಳಿ ಸುಳ್ಳು ದೂರ ಹೇಳುತ್ತದೆ. ನೀರು ಬೀಳುವ ಪೈಪಿನಿಂದ ದೂರ, ಮುಚ್ಚಳದ ನಡುಭಾಗ ಒಳ್ಳೆಯ ಜಾಗ. ಸೆನ್ಸರಿನ ಎಕೋ (ಪ್ರತಿಧ್ವನಿ ತಿಳಿಸುವ) ಕಾಲಿನಿಂದ 5 ವೋಲ್ಟ್ ಬರುತ್ತದೆ, ಇಎಸ್‌ಪಿ32 ತಾಳುವುದು 3.3 ವೋಲ್ಟ್ ಮಾತ್ರ. ಎಕೋದಿಂದ ಬೋರ್ಡಿನ ಪಿನ್ನಿಗೆ 1 ಕಿಲೋಓಮ್, ಅದೇ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿದರೆ 3.33 ವೋಲ್ಟಿಗೆ ಇಳಿಯುತ್ತದೆ.

ಮಧ್ಯಾಹ್ನ-ರಾತ್ರಿಯ ವ್ಯತ್ಯಾಸ ಬಿಸಿಲಿನದು. ಗಾಳಿ ಬಿಸಿಯಾದಷ್ಟೂ ಧ್ವನಿಯ ವೇಗ ಹೆಚ್ಚು. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 40 ಡಿಗ್ರಿಯಲ್ಲಿ ಸುಮಾರು 355 ಆಗುತ್ತದೆ. ಹಲವು ಉದಾಹರಣೆ ಕೋಡ್‌ಗಳಲ್ಲಿ 343 ಅನ್ನೇ ಬರೆದಿಟ್ಟಿರುತ್ತಾರೆ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ಕಪ್ಪು ಟ್ಯಾಂಕಿನ ಮುಚ್ಚಳದ ಕೆಳಗೆ 40 ಡಿಗ್ರಿ ದೊಡ್ಡ ಮಾತಲ್ಲ. ನೀರು 100 ಸೆಂ.ಮೀ. ಕೆಳಗಿದ್ದರೆ ಸೆನ್ಸರ್ 96.5 ಎನ್ನುತ್ತದೆ. ಟ್ಯಾಂಕಿನ ಅಡ್ಡಳತೆ 110 ಸೆಂ.ಮೀ. ಇದ್ದರೆ ಒಂದೊಂದು ಸೆಂ.ಮೀ.ಗೂ 9.5 ಲೀಟರ್. ಅಂದರೆ ಇಲ್ಲದ 33 ಲೀಟರ್ ನೀರು ಲೆಕ್ಕದಲ್ಲಿ ಸೇರಿಕೊಂಡಿತು. ಮುಚ್ಚಳದ ಒಳಬದಿಗೆ ಒಂದು ಡಿಎಸ್18ಬಿ20 ಉಷ್ಣತಾ ಸೆನ್ಸರ್ ಕಟ್ಟಿ. ಅದರ ಡೇಟಾ ಮತ್ತು 3.3 ವೋಲ್ಟ್ ತಂತಿಗಳ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ. ವೇಗವನ್ನು ‘331.3 ಕೂಡು 0.606 ಗುಣಿಸು ಡಿಗ್ರಿ’ ಎಂದು ಆಗಿಂದಾಗ ಲೆಕ್ಕ ಹಾಕಿಸಿ.

ಇನ್ನು ರೀಸ್ಟಾರ್ಟ್. ಸೀರಿಯಲ್ ಮಾನಿಟರ್ ತೆರೆದು ನೋಡಿ, ‘ಬ್ರೌನ್‌ಔಟ್ ಡಿಟೆಕ್ಟರ್’ (ವೋಲ್ಟೇಜ್ ಕುಸಿದಿದೆ) ಎಂಬ ಸಾಲು ಕಂಡರೆ ಕಾರಣ ನಿಮ್ಮ ಲ್ಯಾನ್ ಕೇಬಲ್. ಅದರ ಒಂದು ಎಳೆಗೆ ಮೀಟರಿಗೆ ಸುಮಾರು 0.084 ಓಮ್. ಹೋಗಿ ಬರುವ 30 ಮೀಟರಿಗೆ 2.5 ಓಮ್. ವೈಫೈ ಕಳಿಸುವ ಗಳಿಗೆಯಲ್ಲಿ ಬೋರ್ಡ್ 0.4 ಆಂಪಿಯರ್ ಎಳೆದರೆ 1 ವೋಲ್ಟ್ ತಂತಿಯಲ್ಲೇ ಕರಗಿ, ಮೇಲೆ ಮುಟ್ಟುವುದು 4 ವೋಲ್ಟ್. ಬೋರ್ಡಿನ ರೆಗ್ಯುಲೇಟರ್ ತನಗೇ 1 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳುತ್ತದೆ, ಉಳಿದದ್ದು ಚಿಪ್ಪಿಗೆ ಸಾಲುವುದಿಲ್ಲ. ಮಲ್ಟಿಮೀಟರಿನಲ್ಲಿ ಇದು ಕಾಣುವುದಿಲ್ಲ, ಕುಸಿತ ಅಷ್ಟು ಚುಟುಕು. ಕೆಳಗಿನಿಂದ 12 ವೋಲ್ಟ್ ಕಳಿಸಿ, ಟ್ಯಾಂಕಿನ ಪಕ್ಕ ಬಕ್ ಕನ್ವರ್ಟರ್ ಇಟ್ಟು 5 ವೋಲ್ಟಿಗೆ ಇಳಿಸಿ. ಕನ್ವರ್ಟರನ್ನು ಬೋರ್ಡಿಗೆ ಜೋಡಿಸುವ ಮುಂಚೆಯೇ ತಿರುಪು ತಿರುಗಿಸಿ 5 ವೋಲ್ಟಿಗೆ ನಿಲ್ಲಿಸಿಕೊಳ್ಳಬೇಕು. ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಮುಂದೆ ಮೋಟ್ರನ್ನೂ ಇದಕ್ಕೇ ಜೋಡಿಸುವ ಆಸೆ ಬಂದೇ ಬರುತ್ತದೆ. ಆಗ 10 ಆಂಪಿಯರ್ ಎಂದು ಬರೆದ ಪುಟ್ಟ ನೀಲಿ ರಿಲೇಗೆ ನೇರವಾಗಿ ಮೋಟ್ರು ಕಟ್ಟಬೇಡಿ. 1 ಎಚ್‌ಪಿ ಸಿಂಗಲ್ ಫೇಸ್ ಮೋಟ್ರು ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟನ್ನು ಶುರುವಾಗುವಾಗ ಎಳೆಯುತ್ತದೆ. ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡು ಬಿಡುತ್ತದೆ, ಆಮೇಲೆ ಕೋಡ್ ‘ಆಫ್’ ಎಂದರೂ ಮೋಟ್ರು ನಿಲ್ಲುವುದಿಲ್ಲ. ರಿಲೇ ಕಾಂಟ್ಯಾಕ್ಟರಿನ (ಭಾರೀ ಕರೆಂಟು ತಾಳುವ ದೊಡ್ಡ ಸ್ವಿಚ್ಚಿನ) ಕಾಯಿಲನ್ನು ನಡೆಸಲಿ, ಕಾಂಟ್ಯಾಕ್ಟರ್ ಮೋಟ್ರನ್ನು ನಡೆಸಲಿ. ಆ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ‘ಗೊತ್ತಿಲ್ಲ’ ಎಂಬ ಸ್ಥಿತಿ ಎರಡು ನಿಮಿಷ ಮುಂದುವರಿದರೆ ಮೋಟ್ರು ಆಫ್ ಆಗಬೇಕು. ಕೋಡಿನ ಹಂಗಿಲ್ಲದ ಒಂದು ಫ್ಲೋಟ್ ಸ್ವಿಚ್ಚೂ ಜೊತೆಗಿರಲಿ.

ಪ್ರಶ್ನೆ: ಮನೆಯ ರಾಸ್‌ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಜಾಹೀರಾತು ತಡೆಯುವ ಸರ್ವರ್ ಮತ್ತು ಫೋಟೋ ಬ್ಯಾಕಪ್ ಇಟ್ಟಿದ್ದೇನೆ. ಕರೆಂಟು ಹೋಗಿ ಬಂದಾಗ ಎಸ್‌ಡಿ ಕಾರ್ಡ್ ಕೆಡುತ್ತದೆ. ಇದು ಮೂರನೇ ಕಾರ್ಡ್.
(ಚಿತ್ರದುರ್ಗ)

ಉತ್ತರ: ಒಂದು ಸಾಲು ಲಾಗ್ ಬರೆಯಲೂ ಕಾರ್ಡ್ ಒಳಗೊಳಗೆ ದೊಡ್ಡ ಬ್ಲಾಕನ್ನೇ ಅಳಿಸಿ ಬರೆಯಬೇಕಾಗುತ್ತದೆ. ಅದರ ನಡುವೆ ಕರೆಂಟು ಹೋದರೆ ಆ ಲಾಗ್ ಅಷ್ಟೇ ಅಲ್ಲ, ಅಕ್ಕಪಕ್ಕದ ಫೈಲುಗಳೂ ಹಾಳು. ಇನ್ನೂ ದುಬಾರಿ ಕಾರ್ಡ್ ತರುವುದಕ್ಕಿಂತ ಬರೆಯುವುದನ್ನೇ ನಿಲ್ಲಿಸಿ. ಪೈನ ಸೆಟ್ಟಿಂಗ್ ಬದಲಿಸುವ ‘ರಾಸ್ಪಿ-ಕಾನ್ಫಿಗ್’ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದರೆ ಬರೆಯುವುದೆಲ್ಲ ರ‍್ಯಾಮ್‌ಗೆ ಹೋಗುತ್ತದೆ. ಫೋಟೋಗಳಿಗೆ ಯುಎಸ್‌ಬಿ ಎಸ್‌ಎಸ್‌ಡಿ ಇರಲಿ. ಅಪ್‌ಡೇಟ್ ಮಾಡುವಾಗ ಓವರ್‌ಲೇ ಆಫ್ ಮಾಡಲೇಬೇಕು, ಇಲ್ಲದಿದ್ದರೆ ರೀಬೂಟ್ ಆದ ಕೂಡಲೇ ಅಪ್‌ಡೇಟ್ ಮಾಯ. ಹಳೇ ಮೊಬೈಲ್ ಚಾರ್ಜರ್ ಬಳಸುತ್ತಿದ್ದರೆ ಅದನ್ನೂ ಬದಲಿಸಿ. ಪೈ 4ಕ್ಕೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್.

ಪ್ರಶ್ನೆ: ಪೈಥಾನ್‌ನಲ್ಲಿ ಕನ್ನಡ ಪದಬಂಧ ಮಾಡುತ್ತಿದ್ದೇನೆ. ‘ಚಿತ್ರದುರ್ಗ’ಕ್ಕೆ ನಾಲ್ಕು ಚೌಕ ಬೇಕು, ಉದ್ದ ಎಣಿಸುವ ‘ಲೆನ್’ ಹತ್ತು ಎನ್ನುತ್ತದೆ. ನೋಡಲು ಒಂದೇ ಥರ ಇರುವ ಎರಡು ಪದಗಳನ್ನೂ ‘ಬೇರೆ’ ಎನ್ನುತ್ತದೆ.
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ನಿಮ್ಮ ಕೆಲಸ ಕಂಡು ಖುಷಿಯಾಯಿತು. ಕನ್ನಡದಲ್ಲಿ ಇಂಥ ಆಟಗಳು ಇನ್ನೂ ಬೇಕು.

‘ಲೆನ್’ ಎಣಿಸುವುದು ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ಚ, ಇಕಾರದ ಗುಡಿಸು, ತ, ಅರ್ಧಾಕ್ಷರದ ಚಿಹ್ನೆ, ರ, ದ, ಉಕಾರದ ಕೊಂಬು, ರ, ಮತ್ತೆ ಅರ್ಧಾಕ್ಷರದ ಚಿಹ್ನೆ, ಗ. ಇವೇ ಆ ಹತ್ತು. ‘ಗ್ರಾಫೀಮ್’ (ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವುದು) ಎಣಿಸುವ ಸಿದ್ಧ ಲೈಬ್ರರಿಗಳನ್ನು ನಂಬಿ ಕೂರಬೇಡಿ, ನಮ್ಮ ಒತ್ತಕ್ಷರವನ್ನು ಒಡೆದು ‘ತ್ರ’ವನ್ನು ಎರಡಾಗಿ ಎಣಿಸುವುದುಂಟು. ಸ್ವಂತ ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕಬೇಕಾದ ಮಾದರಿ ಹೇಳುವ ಸೂತ್ರ) ಬರೆಯುವುದೇ ಲೇಸು, ಅದು ಒಂದೇ ಸಾಲು. ಒಂದು ಅಕ್ಷರವೆಂದರೆ: ಅರ್ಧಾಕ್ಷರದ ಚಿಹ್ನೆ ಹೊತ್ತ ವ್ಯಂಜನಗಳು ಎಷ್ಟಾದರೂ, ಅಥವಾ ಒಂದೂ ಇಲ್ಲದೆ, ಆಮೇಲೆ ಒಂದು ವ್ಯಂಜನ, ಇದ್ದರೆ ಒಂದು ಸ್ವರಚಿಹ್ನೆ ಇಲ್ಲವೇ ಅರ್ಧಾಕ್ಷರದ ಚಿಹ್ನೆ, ಇದ್ದರೆ ಒಂದು ಅನುಸ್ವಾರ ಅಥವಾ ವಿಸರ್ಗ. ಇದಕ್ಕೆ ಪರ್ಯಾಯವಾಗಿ ‘ಅ’ದಿಂದ ‘ಔ’ವರೆಗಿನ ಒಂದು ಸ್ವರ, ಅದಕ್ಕೂ ಬೇಕಿದ್ದರೆ ಅನುಸ್ವಾರ. ವ್ಯಂಜನಕ್ಕೆ ‘ಕ-ಹ’ ವ್ಯಾಪ್ತಿ ಕೊಟ್ಟರೆ ಸಾಕು. ಹಳಗನ್ನಡದ ‘ೞ’ ಈ ವ್ಯಾಪ್ತಿಯ ಹೊರಗಿದೆ, ಬೇಕಾದರೆ ಬೇರೆಯಾಗಿ ಸೇರಿಸಿ. ಈಗ ‘ಚಿತ್ರದುರ್ಗ’ ನಾಲ್ಕು, ‘ಹಂಪಿ’ ಎರಡು, ‘ಬಸ್’ ಎರಡು ಚೌಕ.

ಎಣಿಸುವ ಮುಂಚೆ ಪದವನ್ನು ಎನ್‌ಎಫ್‌ಸಿ (ತುಂಡು ಸಂಕೇತಗಳನ್ನು ಕೂಡಿಸಿದ) ರೂಪಕ್ಕೆ ತನ್ನಿ, ‘ಯೂನಿಕೋಡ್‌ಡೇಟಾ’ದ ‘ನಾರ್ಮಲೈಸ್’ ಆ ಕೆಲಸ ಮಾಡುತ್ತದೆ. ನಿಮ್ಮ ಎರಡನೇ ತೊಂದರೆಯ ಬೇರು ಇಲ್ಲೇ ಇರಬಹುದು. ‘ಕೋಟೆ’ಯ ಓಕಾರ ಒಂದೇ ಸಂಕೇತವಾಗಿ ಬರಬಹುದು, ಎತ್ವ, ಊಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಕೋಟೆಯೇ, ‘ಲೆನ್’ಗೆ ಮಾತ್ರ ಒಂದು ನಾಲ್ಕು, ಇನ್ನೊಂದು ಆರು.

ಇನ್ನೊಂದು ಸೂಕ್ಷ್ಮ, ಕಣ್ಣಿಗೆ ಕಾಣದ ಜೋಡಕಗಳದ್ದು. ‘ಸಾಫ್ಟ್‌ವೇರ್’ನಲ್ಲಿ ‘ಟ್’ ಆದಮೇಲೆ ‘ವೇ’ ಒತ್ತಾಗದಂತೆ ತಡೆಯುವ ಒಂದು ಸೊನ್ನೆ ಅಗಲದ ಸಂಕೇತ ಕೂತಿದೆ. ಅದಿದ್ದರೆ ನಾಲ್ಕು ಚೌಕ, ತೆಗೆದರೆ ಮೂರು. ಹುಡುಕುವಾಗ, ಹೋಲಿಸುವಾಗ ಅದನ್ನು ತೆಗೆದುಹಾಕಿ. ಚೌಕ ಎಣಿಸುವಾಗ ಉಳಿಸಿಕೊಳ್ಳಿ. ಪದಪಟ್ಟಿಯನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಗೀಚಿದಂಥ ಅಕ್ಷರ ಬಂದರೆ, ‘ಯುಟಿಎಫ್-8-ಸಿಗ್’ ಎನ್‌ಕೋಡಿಂಗ್‌ನಲ್ಲಿ ಉಳಿಸಿ. ಹಳೆಯ ನುಡಿ ಫಾಂಟಿನ ಫೈಲಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಏನೂ ಆಗದು.

ಪ್ರಶ್ನೆ: ಅಪ್ಪನ ಅಡಿಕೆ ತೋಟಕ್ಕೆ ಮಣ್ಣಿನ ತೇವ ನೋಡುವ ಸೆನ್ಸರ್ ಹಾಕಿದೆ. ಫೋರ್ಕ್ ಥರದ್ದು ಮೂರೇ ವಾರದಲ್ಲಿ ತಿಂದುಹೋಯಿತು. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಥರದ್ದು ಹಾಕಿದರೆ ವೈಫೈ ಆನ್ ಆದಾಗ ಓದುವುದೇ ಇಲ್ಲ. ಬ್ಯಾಟರಿ ಹತ್ತು ದಿನವೂ ಬರುವುದಿಲ್ಲ.
(ಚನ್ನಗಿರಿ)

ಉತ್ತರ: ಫೋರ್ಕ್‌ನಲ್ಲಿ ಒದ್ದೆ ಮಣ್ಣಿನ ಮೂಲಕವೇ ಕರೆಂಟು ಹರಿಯುವುದರಿಂದ ಲೋಹ ಕರಗುತ್ತದೆ. ಅದನ್ನು ಬಿಟ್ಟದ್ದು ಒಳ್ಳೆಯದಾಯಿತು. ವೈಫೈ ತೊಂದರೆಗೆ ಕಾರಣ ಪಿನ್ನು: ಇಎಸ್‌ಪಿ32ರ ಎರಡನೇ ಎಡಿಸಿಯನ್ನು (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ವೈಫೈ ತನಗೇ ಇಟ್ಟುಕೊಳ್ಳುತ್ತದೆ. ಸೆನ್ಸರ್ ತಂತಿಯನ್ನು 32ರಿಂದ 39ರವರೆಗಿನ ಪಿನ್ನುಗಳಲ್ಲಿ ಒಂದಕ್ಕೆ ಬದಲಿಸಿ, ಕೋಡಿನಲ್ಲಿ ಸಂಖ್ಯೆಯೊಂದನ್ನು ತಿದ್ದಿದರೆ ಮುಗಿಯಿತು. ಸೆನ್ಸರಿನ ಟೈಮರ್ ಚಿಪ್ಪಿನ ಮೇಲೆ ಎನ್‌ಇ555 ಎಂದಿದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 3.3ಕ್ಕೆ ನಡೆಯದು. ಟಿಎಲ್‌ಸಿ555 ಇರುವುದನ್ನೇ ಆರಿಸಿ. ಬೋರ್ಡಿನ ಕತ್ತರಿಸಿದ ಅಂಚುಗಳಿಗೆ ಎರಡು ಕೋಟ್ ನೇಲ್ ಪಾಲಿಶ್ ಬಳಿಯಿರಿ, ನೀರು ನುಸುಳುವುದು ಅಲ್ಲಿಂದಲೇ.

ಹೂಳುವ ರೀತಿಯಲ್ಲೇ ಅರ್ಧ ಯಶಸ್ಸಿದೆ. ಬುಡದಿಂದ ಒಂದೂವರೆ-ಎರಡು ಅಡಿ ದೂರ, ಡ್ರಿಪ್ಪರ್‌ನಿಂದ ಒಂದು ಗೇಣು ಆಚೆ, 20 ಸೆಂ.ಮೀ. ಆಳದಲ್ಲಿ ಸಣ್ಣ ಗುಳಿ ತೋಡಿ. ಅದೇ ಮಣ್ಣನ್ನು ನೀರಲ್ಲಿ ಕಲಸಿ ರಾಡಿ ಮಾಡಿ, ಸೆನ್ಸರಿನ ಎರಡೂ ಮೈಗೆ ಅಂಟುವಂತೆ ಸುರಿದು ಮುಚ್ಚಿ. ಗಾಳಿ ಉಳಿದರೆ ಅದು ಒಣಮಣ್ಣಿನಂತೆಯೇ ಕಾಣುತ್ತದೆ. ಎರೆ ಭೂಮಿಯಲ್ಲಿ ಇದು ಇನ್ನೂ ತೊಡಕು. ನೆಲ ಒಣಗಿ ಬಿರಿದಾಗ ಬಿರುಕು ಸೆನ್ಸರಿನ ಪಕ್ಕದಲ್ಲೇ ಹಾದುಹೋದರೆ, ಸುತ್ತ ತೇವವಿದ್ದರೂ ‘ಪೂರಾ ಒಣಗಿದೆ’ ಎನ್ನುತ್ತದೆ. ಅಲ್ಲಿ ಎರಡೆರಡು ಸೆನ್ಸರ್ ಹಾಕಿ, ಎರಡೂ ಒಪ್ಪಿದರೆ ಮಾತ್ರ ನೀರು ಬಿಡಿ.

ಅಳತೆ ಕೂಡಿಸಲು ತೋಟದ ಮಣ್ಣನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ 1 ಕಿಲೋ ತೂಗಿ. ಒಣಗಿದ್ದಾಗ ಒಮ್ಮೆ ಓದಿ. 100 ಮಿ.ಲೀ. ನೀರು ಕಲಸಿ, ಅರ್ಧ ತಾಸು ಬಿಟ್ಟು ಓದಿ. ಹೀಗೆ 300 ಮಿ.ಲೀ.ವರೆಗೆ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ. ಕೆಮ್ಮಣ್ಣಿಗೆ ಬರೆದ ಅಂಕಿ ಎರೆಮಣ್ಣಿಗೆ ಹೊಂದುವುದಿಲ್ಲ. ಈ ಅಳತೆಯ ಹೊತ್ತಿಗೆ ಸೆನ್ಸರಿಗೆ ಕೊಟ್ಟ ವೋಲ್ಟೇಜನ್ನೇ ತೋಟದಲ್ಲೂ ಕೊಡಬೇಕು.

ಬ್ಯಾಟರಿ ತಿನ್ನುವುದು ಇಎಸ್‌ಪಿ32 ಚಿಪ್ ಅಲ್ಲ, ಡೆವಲಪ್‌ಮೆಂಟ್ ಬೋರ್ಡಿನ ಎಲ್‌ಇಡಿ, ಯುಎಸ್‌ಬಿ ಚಿಪ್ ಮತ್ತು ರೆಗ್ಯುಲೇಟರ್. ಬೋರ್ಡ್ ಮಲಗಿದಾಗಲೂ 10 ಮಿಲಿಆಂಪಿಯರ್ ಎಳೆದರೆ 2600 ಮಿಲಿಆಂಪಿಯರ್-ಅವರ್ ಸೆಲ್ 260 ತಾಸು, ಅಂದರೆ ಹನ್ನೊಂದು ದಿನ. ನಿಮ್ಮ ಹತ್ತು ದಿನಕ್ಕೆ ಲೆಕ್ಕ ತಾಳೆಯಾಯಿತಲ್ಲ! ಬರೀ ಇಎಸ್‌ಪಿ32 ಮಾಡ್ಯೂಲ್ ಬಳಸಿ, 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ರೆಗ್ಯುಲೇಟರ್ ಇಲ್ಲದೆ ನೇರ ಕೊಡಬಹುದು. ಚಾರ್ಜ್ ಮಾಡಿದ ಕೂಡಲೇ ಸೆಲ್ 3.6ರ ಆಸುಪಾಸು ಇರುತ್ತದೆ, ಒಂದು ತಾಸು ಬಿಟ್ಟು ಮೀಟರಿನಲ್ಲಿ ನೋಡಿ ಜೋಡಿಸಿ. ಸೆನ್ಸರಿಗೂ ಸದಾ ಕರೆಂಟು ಕೊಡಬೇಡಿ. ಒಂದು ಪಿನ್ನಿನಿಂದ ಓದುವಾಗಷ್ಟೇ ಕೊಡಿ, ಅರ್ಧ ಸೆಕೆಂಡ್ ನಿಂತು ಓದಿ.

ತೋಟ ಮನೆಯಿಂದ ದೂರವಿದ್ದರೆ ವೈಫೈ ಬದಲು ಲೋರಾ (ಕಡಿಮೆ ಕರೆಂಟಿನಲ್ಲಿ ಬಹುದೂರ ಮುಟ್ಟುವ ರೇಡಿಯೋ). ನಮ್ಮ ದೇಶದಲ್ಲಿ ಪರವಾನಗಿ ಬೇಡದ ಪಟ್ಟಿ 865-868 ಮೆಗಾಹರ್ಟ್ಸ್. 868 ಎಂದು ಮಾರುವ ಮಾಡ್ಯೂಲನ್ನು ಕೋಡಿನಲ್ಲಿ 866ಕ್ಕೆ ಇಳಿಸಿಕೊಳ್ಳಿ. ಆಂಟೆನಾಕ್ಕೆ 8.6 ಸೆಂ.ಮೀ. ತಂತಿ ಸಾಕು, ಆದರೆ ಆಂಟೆನಾ ಇಲ್ಲದೆ ಒಮ್ಮೆಯೂ ಆನ್ ಮಾಡಬೇಡಿ, ಮಾಡ್ಯೂಲ್ ಸುಟ್ಟೀತು.

ಪ್ರಶ್ನೆ: ಮನೆಯಿಂದಲೇ ಕೆಲಸ. ಕರೆಂಟು ಹೋದರೆ ಮೀಟಿಂಗ್ ಕಡಿಯುತ್ತದೆ. ರೌಟರಿಗೆ ಮಿನಿ ಯುಪಿಎಸ್ ಹಾಕಿದರೂ ನೆಟ್ ಹೋಗುತ್ತದೆ.
(ಹೊಳಲ್ಕೆರೆ)

ಉತ್ತರ: ಗೋಡೆಗೆ ಹೊಡೆದಿರುವ ಫೈಬರ್ ಪೆಟ್ಟಿಗೆ ಬೇರೆ ಅಡಾಪ್ಟರಿನಲ್ಲಿ ಓಡುತ್ತಿದೆಯೇ ನೋಡಿ, ಅದಕ್ಕೂ ಯುಪಿಎಸ್ ಬೇಕು. ಎರಡೂ 12 ವೋಲ್ಟಿನವಾದರೆ ಒಂದೇ ಯುಪಿಎಸ್‌ನಿಂದ ಕವಲು ತಂತಿಯಲ್ಲಿ ಕೊಡಬಹುದು, ಆಂಪಿಯರ್ ಕೂಡಿಸಿ ಯುಪಿಎಸ್‌ನ ಮಿತಿಯೊಳಗಿದೆಯೇ ನೋಡಿಕೊಳ್ಳಿ. 2000 ಮಿಲಿಆಂಪಿಯರ್-ಅವರಿನ ಮೂರು ಸೆಲ್ ಇದ್ದರೆ 22 ವಾಟ್-ಅವರ್. ಎರಡು ಪೆಟ್ಟಿಗೆ ಸೇರಿ 12 ವಾಟ್ ಎಳೆದರೆ, ನಷ್ಟ ಕಳೆದು ಒಂದೂವರೆ ತಾಸು. ಎರಡಕ್ಕೂ ಕರೆಂಟಿದ್ದು, ಫೈಬರ್ ಪೆಟ್ಟಿಗೆಯ ಕೆಂಪು ದೀಪ ಮಿನುಗುತ್ತಿದ್ದರೆ ಲೈನೇ ಹೋಗಿದೆ ಎಂದರ್ಥ. ಆಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಹೊರಳುವುದೇ ದಾರಿ, ಅದನ್ನು ಲ್ಯಾಪ್‌ಟಾಪಿನಲ್ಲಿ ಮೊದಲೇ ಸೇವ್ ಮಾಡಿಟ್ಟಿರಿ.