ಸಿ ಹಾರ್ಮೋನಿಕಾದಲ್ಲಿ ಬ್ಲೂಸ್ ನುಡಿಸಲು ಶ್ರುತಿ ಬದಲಿಸಬೇಕೇ?

ಬದಲಿಸಲೇಬೇಕೆಂದಿಲ್ಲ. ಆದರೆ ಬೆಂಡ್, ಅಂದರೆ ಉಸಿರೆಳೆಯುತ್ತಲೇ ಸ್ವರ ಇಳಿಸುವುದು, ಇನ್ನೂ ಒಲಿಯದಿದ್ದರೆ ನ್ಯಾಚುರಲ್ ಮೈನರ್ ಶ್ರುತಿ, ಅಂದರೆ ಕೋಮಲ ಗ ಬೆಂಡ್ ಇಲ್ಲದೆಯೇ ಸಿಗುವಂಥ ಶ್ರುತಿ, ಒಳ್ಳೆಯ ದಾರಿ.

ಸಿ ಹಾರ್ಮೋನಿಕಾದಲ್ಲಿ ಬ್ಲೂಸಿಗೆ ಸಾಮಾನ್ಯವಾಗಿ ಜಿ ಸ್ವರವೇ ಷಡ್ಜ. ಶಿರಸಿ ಕಡೆ ಹಿಂದೂಸ್ತಾನಿ ಕಲಿತವರ ಮಾತಿನಲ್ಲಿ ಹೇಳುವುದಾದರೆ ಬೇಕಾದ್ದು ಸ, ಕೋಮಲ ಗ, ಶುದ್ಧ ಮ, ತೀವ್ರ ಮ, ಪ, ಕೋಮಲ ನಿ. ಆದರೆ 3ನೇ ತೂತಿನಲ್ಲಿ ಎಳೆದರೆ ಸಿಗುವುದು ಶುದ್ಧ ಗ. ಅದಕ್ಕೇ 3 ಮತ್ತು 7ರ ಎಳೆಯುವ ರೀಡುಗಳನ್ನು (ಕಂಪಿಸಿ ಸ್ವರ ಹೊರಡಿಸುವ ಲೋಹದ ಪಟ್ಟಿಗಳನ್ನು) ಅರ್ಧ ಸ್ವರ ಇಳಿಸುತ್ತಾರೆ. ಜೊತೆಗೆ ಊದುವ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕೂಡ ಮೈನರ್ ಆಗಲೆಂದು 2, 5, 8ರ ಊದುವ ರೀಡುಗಳನ್ನೂ ಅಷ್ಟೇ ಇಳಿಸುತ್ತಾರೆ. ತೀವ್ರ ಮಧ್ಯಮಕ್ಕೆ ಮಾತ್ರ 4ರಲ್ಲಿ ಬೆಂಡ್ ತಪ್ಪದು.

ರೀಡನ್ನು ರಿವೆಟ್ಟಿನ ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ. ರೀಡಿನ ಕೆಳಗೆ ತೆಳು ತಗಡು ಕೊಟ್ಟು, ಎರಡು ಮೂರು ಗೀರಿಗೊಮ್ಮೆ ಟ್ಯೂನರ್ (ಸ್ವರ ಅಳೆಯುವ ಸಾಧನ) ನೋಡಿ. ಆಳವಾಗಿ ಗೀರಿದರೆ ರೀಡು ಅಲ್ಲೇ ಬಿರುಕು ಬಿಡುತ್ತದೆ.

ನಷ್ಟವೂ ಇದೆ: ಶುದ್ಧ ಗಾಂಧಾರದಿಂದ ಕೋಮಲಕ್ಕೆ ಜಾರುವ ಮೀಂಡ್ ಹೋಗುತ್ತದೆ. ನನ್ನ ಮಟ್ಟಿಗೆ ಬ್ಲೂಸಿನ ಜೀವ ಅಲ್ಲೇ ಇರುವುದು, ಹಾಗಾಗಿ ಒಂದು ವಾದ್ಯವನ್ನು ಮೂಲ ಶ್ರುತಿಯಲ್ಲೇ ಇಟ್ಟುಕೊಳ್ಳಿ. ಕಾರವಾರದ ಮಳೆಗಾಲದಲ್ಲಿ ಮರದ ನಡುಹಲಗೆ ಉಬ್ಬಿ ತುಟಿಗೆ ತರಚುತ್ತದೆ, ಪ್ಲಾಸ್ಟಿಕ್ಕಿನದೇ ವಾಸಿ.