ಚಟದ ಬಗ್ಗೆ ಬರೆದ ಪುಸ್ತಕ ಓದುವುದರಲ್ಲಿ ಯಾವ ಸುಖವಿದೆ?

ನಿಮ್ಮ ಪ್ರಶ್ನೆ ಇದು: ಕುಡಿತ, ಜೂಜು ಅಂತ ಚಟದ ಸುತ್ತ ಬರೆದ ಕಾದಂಬರಿಗಳೆಲ್ಲ ಒಂದೇ ಥರ. ಒಬ್ಬ ಹಾಳಾಗುತ್ತಾನೆ, ಮನೆಯವರು ಅಳುತ್ತಾರೆ, ಕೊನೆಗೆ ಸಾವು ಇಲ್ಲವೇ ಬುದ್ಧಿಮಾತು. ಇದನ್ನು ಖುಷಿಪಟ್ಟು ಓದುವವರು ಹೇಗೆ ಓದುತ್ತಾರೆ? ಓದಲೇಬೇಕು ಅನ್ನುವ ಒಂದು ಪುಸ್ತಕ ಯಾವುದು?

ಒಂದೇ ಅಂದರೆ ನಾನು ರಷ್ಯದ ಲೇಖಕ ದಾಸ್ತೋವ್‌ಸ್ಕಿಯ 'ಜೂಜುಕೋರ' ಹೇಳುತ್ತೇನೆ. 1866ರಲ್ಲಿ ಬರೆದದ್ದು. 17 ಅಧ್ಯಾಯ, ಅಷ್ಟೇ. ನೀವು ಹೇಳಿದ ಒಂದೇ ಥರದ ಪುಸ್ತಕಗಳಲ್ಲಿ ಬರೀ ಸೋಲು ಇರುತ್ತೆ. ಇದರಲ್ಲಿ ನನಗೆ ನಡುಕ ಹುಟ್ಟಿಸಿದ ಜಾಗಗಳೆಲ್ಲ ಗೆಲುವಿನ ಜಾಗಗಳು.

ಕಥೆ ನಡೆಯುವುದು ಜರ್ಮನಿಯ ಒಂದು ಊರಿನಲ್ಲಿ. ಊರು ಕಲ್ಪನೆಯದು. ಸಾಲದಲ್ಲಿ ಮುಳುಗಿದ ರಷ್ಯದ ಒಬ್ಬ ಜನರಲ್ ಅಲ್ಲಿ ಸಂಸಾರ ಕಟ್ಟಿಕೊಂಡು ಕೂತಿದ್ದಾನೆ. ಮಾಸ್ಕೋದಲ್ಲಿರುವ ಅಜ್ಜಿ ಯಾವಾಗ ಸಾಯುತ್ತಾಳೆ, ಆಸ್ತಿ ಯಾವಾಗ ಬರುತ್ತೆ ಅಂತ ಟೆಲಿಗ್ರಾಂ ಮೇಲೆ ಟೆಲಿಗ್ರಾಂ ಕಳಿಸುತ್ತಾನೆ. ಒಂದು ದಿನ ಅಜ್ಜಿಯೇ ಬಂದು ಇಳಿಯುತ್ತಾಳೆ! 75 ವರ್ಷ. ನಡೆಯಲು ಆಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಿಯೇ ಓಡಾಡಿಸಬೇಕು. ಆದರೆ ಬುದ್ಧಿ ಚುರುಕು, ಬಾಯಿ ಜೋರು, ಯಾರಿಗೂ ಹೆದರುವವಳಲ್ಲ. ಬಂದ ದಿನವೇ ಜೂಜಿನ ಮನೆ ನೋಡಬೇಕು ಅನ್ನುತ್ತಾಳೆ.

ಅಲ್ಲಿ ಮೊದಲು ಅವಳ ಕಣ್ಣಿಗೆ ಬೀಳುವುದು ಗೆಲ್ಲುತ್ತಲೇ ಇರುವ ಒಬ್ಬ ಹುಡುಗ. ಅವನ ಮುಂದೆ ನಾಣ್ಯದ ರಾಶಿ, ಕೈ ನಡುಗುತ್ತಿದೆ. ಅಜ್ಜಿಗೆ ತಡೆಯಲಾಗುವುದಿಲ್ಲ. 'ಸಾಕು, ದುಡ್ಡು ತಗೊಂಡು ಎದ್ದು ಹೋಗು ಅಂತ ಅವನಿಗೆ ಹೇಳು' ಅಂತ ನಮ್ಮ ಕಥೆ ಹೇಳುವ ಅಲೆಕ್ಸೆಯ್‌ಗೆ ದುಂಬಾಲು ಬೀಳುತ್ತಾಳೆ. ನೋಡಿ, ಎಲ್ಲ ಗೊತ್ತಿದೆ ಅವಳಿಗೆ. ಯಾವಾಗ ಏಳಬೇಕು ಅನ್ನುವುದು ಆ ಇಡೀ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿದೆ.

ಆಮೇಲೆ ಅವಳು ಸೊನ್ನೆಗೆ ಕಟ್ಟುತ್ತಾಳೆ. ಆಟ ರೂಲೆಟ್: ತಿರುಗುವ ಚಕ್ರದಲ್ಲಿ ಗುಂಡು ಯಾವ ಅಂಕಿಯ ಮನೆಗೆ ಬೀಳುತ್ತೋ ಅದಕ್ಕೆ ಕಟ್ಟಿದವರಿಗೆ ಗೆಲುವು. ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳು. ಒಂದು ಅಂಕಿಗೆ ಕಟ್ಟಿ ಗೆದ್ದರೆ 35 ಪಟ್ಟು ಲಾಭ. ಲೆಕ್ಕ ಸರಿಸಮ ಆಗಬೇಕಿದ್ದರೆ 36 ಪಟ್ಟು ಕೊಡಬೇಕಿತ್ತು. ಆ ಒಂದು ಪಟ್ಟಿನಲ್ಲೇ ಆಡಿಸುವವರ ಹೊಟ್ಟೆ ತುಂಬುತ್ತೆ. ಅಲೆಕ್ಸೆಯ್ ಬೇಡ ಅನ್ನುತ್ತಾನೆ. ಅಜ್ಜಿ ಅವನನ್ನೇ ಬೈದು ಮತ್ತೆ ಸೊನ್ನೆಗೇ ಹಾಕಿಸುತ್ತಾಳೆ. ಹೋಯಿತು. ಮತ್ತೆ ಸೊನ್ನೆ. ಅದೂ ಹೋಯಿತು. ಕೊನೆಗೆ ಸೊನ್ನೆ ಬೀಳುತ್ತೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬೀಳುತ್ತೆ.

ಇಲ್ಲಿ ಓದುಗನಿಗೆ ಏನಾಗುತ್ತೆ ಅನ್ನುವುದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ನಾನೂ ಸೊನ್ನೆ ಬೀಳಲಿ ಅಂತ ಕಾಯುತ್ತಿದ್ದೆ. ಬಿದ್ದಾಗ ಮೈ ಜುಮ್ಮೆಂದಿತು. ಅಜ್ಜಿ ಇನ್ನೊಂದು ಆಟ ಆಡಲಿ ಅನ್ನಿಸಿತು. ಚಟದ ಬಗ್ಗೆ ಹೊರಗಿನಿಂದ ಎಷ್ಟು ಭಾಷಣ ಕೇಳಿದರೂ ಸಿಗದ ಒಂದು ಅನುಭವ ಇದು. ಒಂದು ಪೈಸೆ ಕಳೆದುಕೊಳ್ಳದೆ ಆ ಸೆಳೆತದ ಒಳಗೆ ಹೋಗಿ ನಿಲ್ಲುತ್ತೀರಿ. ಪುಟ ತಿರುಗಿಸುವ ಆತುರವೂ ಆ ಟೇಬಲ್ಲಿನ ಆತುರವೂ ಒಂದೇ ಆಗಿಬಿಡುತ್ತೆ. ನನಗೆ ಓದಿನ ಸುಖ ಅಂದರೆ ಇದೇ. ದುಃಖದ ಕಥೆಯೋ ಸಂತೋಷದ ಕಥೆಯೋ ಅನ್ನುವುದು ಆಮೇಲಿನ ಮಾತು.

ಮರುದಿನ ಅಜ್ಜಿ ಎಲ್ಲ ಕಳೆದುಕೊಳ್ಳುತ್ತಾಳೆ. ತಂದಿದ್ದ ಬಾಂಡುಗಳನ್ನು ಬಂದಷ್ಟಕ್ಕೆ ಮಾರಿ ಆಡುತ್ತಾಳೆ. ಊರಿನ ಮರದ ಚರ್ಚನ್ನು ಕಲ್ಲಿನಲ್ಲಿ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದಳು, ಆ ದುಡ್ಡನ್ನು ಇಲ್ಲಿ ಸುರಿದುಬಿಟ್ಟೆ ಅನ್ನುತ್ತಾಳೆ. ವಾಪಸ್ ಹೋಗಲು ಸಾಲ ಮಾಡಬೇಕಾಗುತ್ತೆ. ಆದರೆ ಹೋಗುತ್ತಾಳೆ, ಅದು ಮುಖ್ಯ. ಉಳಿದುಕೊಳ್ಳುವವನು ಅಲೆಕ್ಸೆಯ್. ಅವನು ಒಂದೇ ರಾತ್ರಿ ದೊಡ್ಡ ಮೊತ್ತ ಗೆಲ್ಲುತ್ತಾನೆ, ಅಲ್ಲಿಗೆ ಅವನ ಕಥೆ ಮುಗಿದ ಹಾಗೆ. ಕೊನೆಯ ಪುಟದಲ್ಲಿ ಅವನು ನೆನೆಸಿಕೊಳ್ಳುವುದು ಕೂಡ ಒಂದು ಗೆಲುವನ್ನೇ. ಜೇಬಿನಲ್ಲಿ ಒಂದೇ ಒಂದು ನಾಣ್ಯ ಉಳಿದಿತ್ತು, ಊಟಕ್ಕಾಯಿತು ಅಂತ ಹೊರಟವನು ನೂರು ಹೆಜ್ಜೆ ನಡೆದು ಹಿಂದಕ್ಕೆ ಬಂದ, ಕಟ್ಟಿದ, 170 ಮಾಡಿಕೊಂಡು ಎದ್ದ. ನಾಳೆ ಎಲ್ಲ ಮುಗಿಯುತ್ತೆ ಅನ್ನುತ್ತಾನೆ, ಪುಸ್ತಕ ನಿಲ್ಲುತ್ತೆ.

ನನ್ನ ಸೋದರಮಾವ ಒಬ್ಬರು ಒಂದಂಕಿ ಲಾಟರಿಗೆ ಬಿದ್ದಿದ್ದರು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧ ಆಗುವವರೆಗೂ ಬಸ್ ಸ್ಟ್ಯಾಂಡಿನ ಅಂಗಡಿಗಳ ಮುಂದೆ ನಿಂತಿರುತ್ತಿದ್ದರು. ಅವರು ಸೋತ ಕಥೆಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ಸೈಟು ಹೋದದ್ದು, ಅತ್ತೆಯ ಬಳೆ ಹೋದದ್ದು. ಒಮ್ಮೆ ಗೆದ್ದಿದ್ದರು. ಅವತ್ತು ಅಜ್ಜಿಗೆ ಸೀರೆ, ಮಕ್ಕಳಿಗೆಲ್ಲ ಮೈಸೂರು ಪಾಕು, ಮನೆ ತುಂಬ ನಗು. ಆ ದಿನದ ಬಗ್ಗೆ ಮಾತ್ರ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. 'ಜೂಜುಕೋರ' ಓದಿದ ಮೇಲೆ ನನಗೆ ಅನ್ನಿಸಿದ್ದು, ಮಾವ ಉಳಿದ ವರ್ಷಗಳನ್ನೆಲ್ಲ ಆ ಒಂದು ದಿನದ ಹಿಂದೆ ಓಡಿದರು ಅಂತ. ಅವರ ಮುಖ ನೆನಪಾದರೆ ಈಗ ಕೋಪ ಬರುವುದಿಲ್ಲ.

ಈ ಪುಸ್ತಕ ಹುಟ್ಟಿದ ಬಗೆಯೂ ಜೂಜಿನಂತೆಯೇ ಇದೆ. ಸಾಲ ಕೊಟ್ಟವರ ಕಾಟಕ್ಕೆ ದಾಸ್ತೋವ್‌ಸ್ಕಿ ಒಬ್ಬ ಪ್ರಕಾಶಕನ ಜೊತೆ 3000 ರೂಬಲ್‌ಗೆ ಒಪ್ಪಂದ ಮಾಡಿಕೊಂಡಿದ್ದರು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ 9 ವರ್ಷ ಬರೆಯುವುದೆಲ್ಲ ಪುಕ್ಕಟೆ ಆ ಪ್ರಕಾಶಕನಿಗೆ. ಅಕ್ಟೋಬರ್ ಬಂದರೂ ಒಂದು ಸಾಲು ಬರೆದಿರಲಿಲ್ಲ. ಆಗ ಶೀಘ್ರಲಿಪಿ ಕಲಿತಿದ್ದ 20 ವರ್ಷದ ಅನ್ನಾ ಎಂಬ ಹುಡುಗಿ ಬಂದಳು. ಇವರು ಹೇಳಿದರು, ಅವಳು ಬರೆದುಕೊಂಡಳು. 26 ದಿನದಲ್ಲಿ ಕಾದಂಬರಿ ಮುಗಿಯಿತು. ಮುಂದಿನ ಫೆಬ್ರವರಿಯಲ್ಲಿ ಇಬ್ಬರೂ ಮದುವೆಯಾದರು.

ನನಗೆ ಇದರಲ್ಲಿ ಅತ್ಯಂತ ಕಾಡುವುದು ಮದುವೆಯ ನಂತರದ ಭಾಗ. ಜೂಜಿನ ಸೆಳೆತವನ್ನು ಅಷ್ಟು ಸ್ಪಷ್ಟವಾಗಿ ಬರೆದ ಮನುಷ್ಯ 1867ರಲ್ಲಿ ಬಾಡೆನ್-ಬಾಡೆನ್‌ನಲ್ಲಿ ಹೆಂಡತಿಯ ಓಲೆ, ಮದುವೆಯ ಉಂಗುರವನ್ನೂ ಗಿರವಿ ಇಟ್ಟು ಆಡಿದರು. ಬಿಟ್ಟದ್ದು 1871ರಲ್ಲಿ. ಅಂದರೆ ಪುಸ್ತಕ ಬರೆದು ಸುಮಾರು ನಾಲ್ಕೂವರೆ ವರ್ಷ ಆದ ಮೇಲೆ. ಅರ್ಥ ಮಾಡಿಕೊಳ್ಳುವುದು ಬೇರೆ, ಬಿಡುವುದು ಬೇರೆ. ಹಾಗಾಗಿ ನಿಮ್ಮ ಮನೆಯಲ್ಲಿ ಯಾರಾದರೂ ನಿಜವಾಗಿ ಇದರಲ್ಲಿ ಸಿಕ್ಕಿಕೊಂಡಿದ್ದು ಅದಕ್ಕಾಗಿ ಕೇಳಿದ್ದರೆ ಪುಸ್ತಕ ಕೈಗಿಟ್ಟು ಸುಮ್ಮನಾಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೆಂದೇ ಪ್ರತ್ಯೇಕ ವಿಭಾಗ ಇದೆ, 14416 ಸಂಖ್ಯೆಯ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕನ್ನಡದಲ್ಲೇ ಫೋನ್ ಮಾಡಬಹುದು.

ಕನ್ನಡದಲ್ಲಿ ಏನಿದೆ ಅಂತ ಕೇಳುತ್ತೀರಲ್ವಾ? ನಮಗೆ ದ್ಯೂತದ ಕಥೆ ಹುಟ್ಟಿನಿಂದಲೇ ಗೊತ್ತು, ಅದಕ್ಕೇ ನಾವು ಅದನ್ನು ಸರಿಯಾಗಿ ನೋಡುವುದಿಲ್ಲ. ಕುಮಾರವ್ಯಾಸನ ಸಭಾಪರ್ವ ತೆಗೆದು ನಿಧಾನವಾಗಿ ಓದಿ, ಸಾಧ್ಯವಾದರೆ ಗಮಕದಲ್ಲಿ ಕೇಳಿ. ಧರ್ಮರಾಯ ತಮ್ಮಂದಿರನ್ನು, ತನ್ನನ್ನು, ದ್ರೌಪದಿಯನ್ನು ಒಡ್ಡಿ ಸೋತದ್ದನ್ನು ಎಲ್ಲರೂ ಹೇಳುತ್ತಾರೆ. ಆಮೇಲೆ ಧೃತರಾಷ್ಟ್ರ ಎಲ್ಲವನ್ನೂ ವಾಪಸ್ ಕೊಡುತ್ತಾನೆ. ರಾಜ್ಯ ಬಂತು, ಮಾನ ಉಳಿಯಿತು, ಊರಿನ ದಾರಿ ಹಿಡಿದಿದ್ದಾರೆ. ಮತ್ತೆ ಕರೆ ಬರುತ್ತೆ. ಧರ್ಮರಾಯ ಹಿಂದಿರುಗಿ ಹೋಗಿ ಕೂರುತ್ತಾನೆ! ಕ್ಷತ್ರಿಯ ಕರೆಗೆ ಇಲ್ಲ ಅನ್ನಬಾರದು ಅನ್ನುವ ಕಾರಣ ಅವನ ಬಳಿ ಸಿದ್ಧವಾಗಿದೆ. ಕಾರಣ ಯಾವತ್ತೂ ಸಿದ್ಧವಾಗಿರುತ್ತೆ. ಈ ಎರಡನೇ ಆಟ ನನಗೆ ಮೊದಲನೆಯದಕ್ಕಿಂತ ಜಾಸ್ತಿ ಭಯಾನಕ.

ಕಾಡಿನಲ್ಲಿ ಅವನನ್ನು ಸಮಾಧಾನ ಮಾಡಲು ಬೃಹದಶ್ವ ಎಂಬ ಋಷಿ ಹೇಳುವುದು ನಳನ ಕಥೆ. ಪಗಡೆಯಲ್ಲಿ ಎಲ್ಲ ಕಳೆದುಕೊಂಡವನು ಪಗಡೆಯಲ್ಲೇ ಎಲ್ಲ ಮರಳಿ ಗೆದ್ದ ಕಥೆ. ಜೊತೆಗೆ ಆಟದ ಗುಟ್ಟನ್ನೂ ಕಲಿಸಿಕೊಡುತ್ತಾನೆ. ಅಜ್ಞಾತವಾಸದಲ್ಲಿ ಧರ್ಮರಾಯ ಕಂಕ ಅನ್ನುವ ಹೆಸರಿಟ್ಟುಕೊಂಡು ವಿರಾಟನ ಆಸ್ಥಾನ ಸೇರುವುದು ದಾಳ ಉರುಳಿಸುವವನಾಗಿಯೇ. ಇದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಧರ್ಮರಾಯ ಪುರಾಣದ ಗೊಂಬೆಯಾಗಿ ಉಳಿಯುವುದಿಲ್ಲ.

ಇನ್ನೂ ಹಿಂದೆ ಹೋದರೆ ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಇದೆ. ಜೂಜುಕೋರನೇ ಮಾತಾಡುವ ಪದ್ಯ. ಆಗ ಆಡುತ್ತಿದ್ದದ್ದು ತಾರೆಕಾಯಿಗಳಲ್ಲಿ. ಹೆಂಡತಿ ದೂರ ತಳ್ಳಿದ್ದಾಳೆ, ಅತ್ತೆಗೆ ದ್ವೇಷ. ಇನ್ನು ಆಡುವುದಿಲ್ಲ ಅಂತ ನಿಶ್ಚಯಿಸುತ್ತಾನೆ, ಕಾಯಿ ಉರುಳಿದ ಸದ್ದು ಕೇಳಿದರೆ ಎದ್ದು ಹೋಗುತ್ತಾನೆ. ಆ ಕಾಯಿಗಳು ಮುಟ್ಟಿದರೆ ತಣ್ಣಗೆ, ಎದೆ ಮಾತ್ರ ಸುಡುತ್ತವೆ ಅನ್ನುತ್ತೆ ಪದ್ಯ.

ಕುಡಿತದ ಪುಸ್ತಕಗಳ ಬಗ್ಗೆ ಎರಡೇ ಮಾತು. ಶರತ್‌ಚಂದ್ರರ 'ದೇವದಾಸ' ನನಗೆ ಹಿಡಿಸುವುದಿಲ್ಲ. ಅಲ್ಲಿ ಕುಡಿತಕ್ಕೆ ಪ್ರೇಮದ ಶೃಂಗಾರ ಜಾಸ್ತಿಯಾಯಿತು. ಕಾರಂತರ 'ಚೋಮನ ದುಡಿ'ಯಲ್ಲಿ ಚೋಮ ಹೆಂಡ ಕುಡಿಯುತ್ತಾನೆ, ಆದರೆ ಅವನ ನಿಜವಾದ ಹಸಿವು ಉಳುವ ಭೂಮಿಯದು. ಜಾತಿಯ ಕಾರಣಕ್ಕೆ ಅದು ಅವನಿಗೆ ಸಿಗುವುದಿಲ್ಲ. ಹಾಗಾಗಿ ಅದನ್ನು ಕುಡಿತದ ಕಾದಂಬರಿ ಅಂತ ನಾನು ಕರೆಯಲಾರೆ.

'ಜೂಜುಕೋರ'ದ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತೆ. ಮೊದಲ ಎಂಟು ಅಧ್ಯಾಯ ಸ್ವಲ್ಪ ಗೋಜಲು. ಯಾರು ಯಾರಿಗೆ ಸಾಲ ಕೊಡಬೇಕು, ಯಾರಿಗೆ ಯಾರ ಮೇಲೆ ಮನಸ್ಸು ಅಂತ ತಲೆ ಕೆಡುತ್ತೆ. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ನಡುವೆ ನಿಲ್ಲಿಸದೆ, ಒಂದೇ ಸಲ ಕೂತು ಓದಿ. ಅದಾದ ಮೇಲೆ ಕನಕದಾಸರ 'ನಳಚರಿತ್ರೆ' ತೆಗೆಯಿರಿ. ಷಟ್ಪದಿ ಅಂತ ಹಿಂಜರಿಯಬೇಡಿ, ಜೋರಾಗಿ ಓದಿದರೆ ಅರ್ಧ ಅರ್ಥ ತಾನಾಗಿಯೇ ಆಗುತ್ತೆ.