ಹೊರಗೆ ಹೊಸ ಬಣ್ಣ, ಒಳಗೆ ಹಳೇ ತುಕ್ಕು

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1989ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಎರಡು ವರ್ಷದ ಹಿಂದೆ ಟಿಂಕರಿಂಗ್, ಪೇಂಟಿಂಗ್ ಎಲ್ಲ ಮಾಡಿಸಿದ್ದೆ. ಈಗ ಬಾಗಿಲುಗಳ ಬುಡದಲ್ಲಿ, ಅದರ ಕೆಳಗಿನ ಪಟ್ಟಿಯಲ್ಲಿ ಬಣ್ಣ ಗುಳ್ಳೆ ಎದ್ದಿದೆ. ನಮ್ಮದೇನು ಮಂಗಳೂರಲ್ಲ, ತುಮಕೂರು. ಮಳೆಯೇ ಕಡಿಮೆ. ಆದರೂ ತುಕ್ಕು ಯಾಕೆ? ಸುಟ್ಟ ಇಂಜಿನ್ ಆಯಿಲ್ ಒಳಗೆ ಹೊಡೆದುಬಿಟ್ಟರೆ ಸರಿಹೋಗುತ್ತೆ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹೊಡೆಸಲಾ?
– ಓದುಗರು, ಬಟವಾಡಿ, ತುಮಕೂರು

ಉತ್ತರ: ಪೇಂಟರ್‌ನ ಬೈಯಬೇಡಿ. ಈ ತುಕ್ಕು ಹೊರಗಿಂದ ಒಳಗೆ ಹೋಗಿದ್ದಲ್ಲ, ಒಳಗಿಂದ ಹೊರಗೆ ಬಂದಿದ್ದು. ಬಣ್ಣ ಹೊಡೆಯುವಾಗ ಯಾರೂ ಆ ಪಟ್ಟಿಯ ಒಳಗೆ ಇಣುಕಿ ನೋಡಿರುವುದಿಲ್ಲ.

ಪದ್ಮಿನಿಯ ಮೂಲ 1953ರ ಫಿಯಟ್ 1100. ಅದಕ್ಕೆ ಲಾರಿಗೆ ಇರುವಂಥ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಎರಡು ತಗಡು ಬಗ್ಗಿಸಿ, ಅಂಚು ಸೇರಿಸಿ, ಸ್ಪಾಟ್ ವೆಲ್ಡಿಂಗ್ ಮಾಡಿ ಟೊಳ್ಳು ಪೆಟ್ಟಿಗೆ ಮಾಡಿರುತ್ತಾರೆ. ಬಾಗಿಲ ಕೆಳಗಿನ ಪಟ್ಟಿ ಅಂಥದ್ದೇ ಒಂದು ಪೆಟ್ಟಿಗೆ. ಗಾಡಿಯ ಭಾರದಲ್ಲಿ ದೊಡ್ಡ ಪಾಲು ಅದರ ಮೇಲೆಯೇ ಇರುತ್ತೆ. ಈಗಿನ ಕಾರುಗಳ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಒಳಮೂಲೆಗೂ ಬಣ್ಣ ಕೂರಿಸುತ್ತಾರೆ. ಹಳೇ ಗಾಡಿಗಳ ಒಳಮೈಗೆ ಆ ಯೋಗ ಇರಲಿಲ್ಲ.

ಇನ್ನು ಮಳೆಯ ವಿಷಯ. ತುಕ್ಕಿಗೆ ಎಷ್ಟು ನೀರು ಬಿತ್ತು ಅನ್ನುವುದು ಮುಖ್ಯ ಅಲ್ಲ, ಬಿದ್ದ ನೀರು ಎಷ್ಟು ಹೊತ್ತು ನಿಂತಿತು ಅನ್ನುವುದು ಮುಖ್ಯ. ಬಾಗಿಲ ಗಾಜು ಇಳಿಯುವ ಸಂದಿಯಿಂದ ಪ್ರತಿ ವಾಟರ್ ಸರ್ವಿಸ್‌ನಲ್ಲೂ ನೀರು ಒಳಗಿಳಿಯುತ್ತೆ. ಅದು ಇಳಿಯಲಿ ಅಂತಲೇ ಬಾಗಿಲ ಬುಡದಲ್ಲಿ, ಪಟ್ಟಿಯ ಅಡಿಯಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕಡೆಯ ಕೆಮ್ಮಣ್ಣು ಅದರಲ್ಲಿ ಕೂತರೆ ಗಟ್ಟಿ ಬಿರಡೆ. ಅದರ ಮೇಲೆ ಯಾರಾದರೂ ಗಾಡಿಯ ಅಡಿಮೈಗೆ ಬಳಿಯುವ ದಪ್ಪ ಲೇಪ, ಅಂದರೆ ಅಂಡರ್‌ಬಾಡಿ ಕೋಟಿಂಗ್ ಹೊಡೆದಿದ್ದರಂತೂ ಕಥೆ ಮುಗಿಯಿತು. ಸಾಲದ್ದಕ್ಕೆ ಡಿಸೆಂಬರ್ ರಾತ್ರಿಯ ಚಳಿಗೆ ತಗಡು ತಣ್ಣಗಾಗಿ, ಒಳಗಿನ ಗಾಳಿಯ ತೇವ ಹನಿಗಟ್ಟುತ್ತೆ. ಬೋರ್‌ವೆಲ್ ನೀರಾದರೆ ಉಪ್ಪೂ ಜೊತೆಗೆ. ಎರಡು ತಗಡಿನ ಸಂದಿಗೆ ಹೋದ ನೀರು ಬೇಗ ಒಣಗುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತೆ. ಆ ಒತ್ತಡಕ್ಕೆ ಸಂದಿ ಬಾಯಿಬಿಟ್ಟು, ಇನ್ನಷ್ಟು ನೀರು ಒಳಗೆ ಹೋಗುತ್ತೆ.

ಸುಟ್ಟ ಆಯಿಲ್ ಬೇಡವೇ ಬೇಡ. ನಿಮ್ಮ ಮೆಕ್ಯಾನಿಕ್ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಬಿಡಿ, ಮೊದಲಿಂದ ಬಂದ ರೂಢಿ ಅದು. ಆದರೆ ಓಡಿದ ಆಯಿಲ್‌ನಲ್ಲಿ ಆಮ್ಲ, ಮಸಿ, ಲೋಹದ ಪುಡಿ ಎಲ್ಲ ಸೇರಿರುತ್ತೆ. ಅದು ಚರ್ಮಕ್ಕೂ ಒಳ್ಳೆಯದಲ್ಲ. ತೊಟ್ಟಿಕ್ಕಿ ಇಳಿದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತೆ. ಸ್ವಲ್ಪ ದಿನದಲ್ಲಿ ಮೇಲಿನ ಗೋಡೆ ಮತ್ತೆ ಬರಿಮೈ. ಇನ್ನು ಕೆಲವರು ಪಿಯು ಫೋಮ್, ಅಂದರೆ ಉಬ್ಬಿ ಗಟ್ಟಿಯಾಗುವ ನೊರೆ, ತುಂಬುತ್ತಾರೆ. ಅದು ಇನ್ನೂ ಅನ್ಯಾಯ. ಫೋಮ್ ಪಕ್ಕದಲ್ಲಿ ನೀರು ಸಿಕ್ಕಿಕೊಂಡರೆ ಆಚೆ ಬರುವ ದಾರಿಯೇ ಇಲ್ಲ.

ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ಐದು ಪೈಸೆ ಖರ್ಚಿಲ್ಲ. ಒಂದು ಹಳೇ ಸೈಕಲ್ ಕಡ್ಡಿ ತಗೊಳ್ಳಿ, ಗಾಡಿಯ ಪಕ್ಕ ಗೋಣಿಚೀಲ ಹಾಸಿ ಮಲಗಿ, ಆ ತೂತುಗಳನ್ನು ಒಂದೊಂದಾಗಿ ಚುಚ್ಚಿ. ಕನ್ನಡಕ ಹಾಕಿಕೊಂಡೇ ಚುಚ್ಚಿ. ಹೋದ ವರ್ಷ ಒಂದು ಅಂಬಾಸಿಡರ್‌ಗೆ ಹೀಗೆ ಚುಚ್ಚಿದಾಗ ಮೊದಲು ಏನೂ ಬರಲಿಲ್ಲ. ಕಡ್ಡಿ ಇನ್ನೊಂದು ಸಲ ತಿರುವಿದೆ. ರಾಗಿ ಅಂಬಲಿಯಷ್ಟು ಮಂದದ ಕೆಂಚು ನೀರು ಮೊಣಕೈ ತನಕ ಇಳಿಯಿತು. ಆಮೇಲೆ ಕಡಲೆಕಾಯಿ ಸಿಪ್ಪೆ, ಒಂದು ಬಸ್ ಟಿಕೆಟ್, ಇಲಿ ಎಳೆದು ತಂದ ತೆಂಗಿನ ನಾರು. ಗಾಡಿ ಮಳೆ ನೋಡಿ ಎರಡು ತಿಂಗಳಾಗಿತ್ತು ಅಂತ ಓನರ್ ಆಣೆ ಮಾಡುತ್ತಿದ್ದರು. ನಿಜವೇ ಇರಬೇಕು. ನೀರು ಮಾತ್ರ ಅಲ್ಲೇ ಇತ್ತು.

ತೂತು ತೆರೆದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಪಟ್ಟಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತೆ. ಸತ್ತ ತಗಡು, ಪುಟ್ಟಿ ತುಂಬಿದ ಜಾಗ ಮಂಕಾಗಿ ದಪ್ ಅನ್ನುತ್ತೆ. ಫೋನಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾ ಸಿಕ್ಕರೆ ಒಳಗೂ ಬಿಟ್ಟು ನೋಡಿ. ತಗಡು ತೂತಾಗಿದ್ದರೆ ಕೊಯ್ದು ಹೊಸ ತಗಡು ಬೆಸೆಯಬೇಕು, ಬೇರೆ ದಾರಿ ಇಲ್ಲ. ಮೇಲ್ಮೈ ತುಕ್ಕು ಅಷ್ಟೇ ಆಗಿದ್ದರೆ ಕ್ಯಾವಿಟಿ ವ್ಯಾಕ್ಸ್ ಸಾಕು.

ಕ್ಯಾವಿಟಿ ವ್ಯಾಕ್ಸ್ ಅಂದರೆ ದ್ರಾವಕದಲ್ಲಿ ಕರಗಿಸಿದ ಮೇಣ. ತೆಳ್ಳಗೆ ಹರಿದು ಸಂದಿಗೆ ನುಗ್ಗುತ್ತೆ, ದ್ರಾವಕ ಆರಿದ ಮೇಲೆ ಮೆತ್ತನೆಯ ಪದರವಾಗಿ ಉಳಿಯುತ್ತೆ. ಗಟ್ಟಿಯಾಗಿ ಬಿರುಕು ಬಿಡುವುದಿಲ್ಲ. ಅಂಡರ್‌ಬಾಡಿ ಕೋಟಿಂಗ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ, ಎರಡನ್ನೂ ಒಂದೇ ಅಂದುಕೊಂಡು ತರಬೇಡಿ. ಹೊಡೆಯುವುದಕ್ಕೆ ಉದ್ದನೆಯ ನಳಿಕೆ ಬೇಕು, ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್ ಇರಬೇಕು. ಸ್ಪ್ರೇ ಡಬ್ಬಿ ಜೊತೆಗೂ ಇಂಥ ನಳಿಕೆ ಬರುತ್ತೆ. ಕಂಪ್ರೆಸರ್ ಗನ್ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಗಾಡಿಯ ಅಳತೆಗೆ ಎರಡು–ಮೂರು ಲೀಟರ್ ಹಿಡಿಯಬಹುದು.

ಏಪ್ರಿಲ್, ಮೇ ತಿಂಗಳೇ ಸರಿ. ಪಟ್ಟಿ, ಬಾಗಿಲುಗಳ ಒಳಗೆ ನೀರು ಬಿಟ್ಟು ಮಣ್ಣು ತೊಳೆಯಿರಿ. ಬಾಗಿಲು ತೆರೆದು ನಾಲ್ಕೈದು ದಿನ ಬಿಸಿಲಲ್ಲಿ ನಿಲ್ಲಿಸಿ. ಒದ್ದೆ ಮೇಲೆ ಮೇಣ ಹೊಡೆದರೆ ತೇವವನ್ನು ಒಳಗೇ ಸೀಲ್ ಮಾಡಿದ ಹಾಗೆ. ಆಮೇಲೆ ನಳಿಕೆಯನ್ನು ತುದಿಯವರೆಗೂ ತಳ್ಳಿ, ಒತ್ತುತ್ತಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ನಳಿಕೆಯ ಕೊನೆಯ ಒಂದು ಗೇಣಿಗೆ ಬಣ್ಣದ ಟೇಪ್ ಸುತ್ತಿಕೊಂಡಿದ್ದರೆ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗುತ್ತೆ, ಮುಖಕ್ಕೆ ಚಿಮ್ಮುವುದಿಲ್ಲ. ಮೊದಲು ಒಂದು ರಟ್ಟಿನ ಡಬ್ಬದೊಳಗೆ ಹೊಡೆದು, ಬಿಚ್ಚಿ, ಹೇಗೆ ಹರಡುತ್ತೆ ಅಂತ ನೋಡಿಕೊಳ್ಳಿ. ಸೀಟ್ ಬೆಲ್ಟ್ ಹಾಕಿಸಿದ್ದರೆ ಪಿಲ್ಲರ್‌ನಲ್ಲಿರುವ ಅದರ ಸುರುಳಿಗೆ ಮೇಣ ತಾಗಬಾರದು. ಬ್ರೇಕ್‌ಗೂ ಸೈಲೆನ್ಸರ್‌ಗೂ ಬೇಡ. ಹೊಸದಾಗಿ ತೂತು ಕೊರೆಯುವ ಆಸೆಯನ್ನು ಆದಷ್ಟು ತಡೆದುಕೊಳ್ಳಿ. ಕಾರ್ಪೆಟ್ ಎತ್ತಿದರೆ, ಡೋರ್ ಪ್ಯಾಡ್ ಬಿಚ್ಚಿದರೆ ಸಾಮಾನ್ಯವಾಗಿ ದಾರಿ ಸಿಗುತ್ತೆ. ಮಾರನೇ ದಿನ ಅದೇ ಸೈಕಲ್ ಕಡ್ಡಿ ತಗೊಂಡು ಕೆಳಗಿನ ತೂತುಗಳನ್ನು ಮತ್ತೆ ತೆರೆಯಿರಿ. ಇದನ್ನು ಮರೆತು ಮೇಣದಿಂದಲೇ ತೂತು ಮುಚ್ಚಿಸಿಕೊಂಡವರನ್ನು ಎಷ್ಟು ಜನ ನೋಡಿದ್ದೇನೋ!

ಪ್ರಶ್ನೆ: ನನ್ನ ಪಿಕಪ್‌ನಲ್ಲಿ ಟೊಮೆಟೊ ಹಾಕಿಕೊಂಡು ಕೋಲಾರ ಎಪಿಎಂಸಿಗೆ ಹೋಗುತ್ತೇನೆ. ಬರುವಾಗ ಗೊಬ್ಬರದ ಮೂಟೆ. ಏಳು ವರ್ಷಕ್ಕೇ ಚಾಸಿಸ್ ಹಪ್ಪಳ ಹಪ್ಪಳವಾಗಿ ಏಳುತ್ತಿದೆ. ದಿನಾ ಪ್ರೆಶರ್ ನೀರಲ್ಲಿ ತೊಳೆಯುತ್ತೇನೆ.
– ಓದುಗರು, ಚಿಂತಾಮಣಿ

ಉತ್ತರ: ಟೊಮೆಟೊ ರಸ ಹುಳಿ, ಸರಿ. ಆದರೆ ನಿಮ್ಮ ನಿಜವಾದ ಶತ್ರು ವಾಪಸ್ ಬರುವಾಗಿನ ಲೋಡ್. ಕೆಂಪು ಪೊಟ್ಯಾಶ್ ಅಂತೀವಲ್ಲ, ಅದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ದಾಯಾದಿ. ಮೂಟೆಯಿಂದ ಉದುರಿದ ಪುಡಿ ಪ್ಲಾಟ್‌ಫಾರಂ ಸಂದಿಯಲ್ಲಿ ಇಳಿದು ಚಾಸಿಸ್ ಮೇಲೆ ಕೂರುತ್ತೆ. ಯೂರಿಯಾವೂ ಗಾಳಿಯ ತೇವ ಹೀರುತ್ತೆ. ಚಿಂತಾಮಣಿಯಲ್ಲಿ ಕೂತೇ ನಿಮ್ಮ ಗಾಡಿಗೆ ಕಡಲ ತೀರ ಸಿಕ್ಕಿದೆ ಅಂದುಕೊಳ್ಳಿ.

ಪ್ರೆಶರ್ ನೀರು ಕೆಳಗಿನಿಂದ ಹೊಡೆದರೆ ಉಪ್ಪು ಚಾಸಿಸ್ ಟೊಳ್ಳಿನೊಳಕ್ಕೆ ಇನ್ನೂ ದೂರ ಹೋಗುತ್ತೆ, ಅಷ್ಟೇ. ಗೊಬ್ಬರ ಇಳಿಸಿದ ದಿನ ಮೊದಲು ಪೊರಕೆಯಿಂದ ಒಣಗಿದ್ದಾಗಲೇ ಗುಡಿಸಿ. ಆಮೇಲೆ ಸಾದಾ ಪೈಪನ್ನು ಚಾಸಿಸ್ ತೂತಿಗೆ ಇಟ್ಟು, ಆಚೆ ತುದಿಯಲ್ಲಿ ತಿಳಿ ನೀರು ಬರುವವರೆಗೆ ಬಿಡಿ. ಮುಂದಿನ ಭಾಗ ಸ್ವಲ್ಪ ಎತ್ತರ ಇರುವಂತೆ ಇಳಿಜಾರಲ್ಲಿ ನಿಲ್ಲಿಸಿದರೆ ಪೂರ್ತಿ ಸೋರುತ್ತೆ. ಮೂಟೆ ಹಾಕುವ ಮುಂಚೆ ದಪ್ಪ ಟಾರ್ಪಾಲ್ ಹಾಸಿ, ಅಂಚು ಪಕ್ಕಕ್ಕೆ ಮಡಚಿ. ಇದೊಂದರಿಂದಲೇ ಅರ್ಧ ತೊಂದರೆ ತಪ್ಪುತ್ತೆ.

ದುಡಿಯುವ ಗಾಡಿಯಲ್ಲಿ ಒಂದೇ ಸಲ ಹೊಡೆದ ಮೇಣ ಬಹಳ ಕಾಲ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ ಹೊಡೆಸಿ. ಅದಕ್ಕೂ ಮೊದಲು ಹಪ್ಪಳ ಎದ್ದ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಒಳಗೆ ದಪ್ಪ ತಗಡು ಉಳಿದಿದ್ದರೆ ಸರಿ. ಸುತ್ತಿಗೆ ಕಚ್ಚಿಕೊಂಡರೆ ಲೋಡ್ ಹಾಕುವುದು ನಿಲ್ಲಿಸಿ, ಚಾಸಿಸ್ ಕೆಲಸ ಗೊತ್ತಿರುವವರ ಹತ್ತಿರ ಹೋಗಿ.

ಪ್ರಶ್ನೆ: ಮಾರುತಿ 800ಕ್ಕೆ ಮೊದಲು ವ್ಯಾಕ್ಸ್ ಹೊಡೆಸಿ, ದುಡ್ಡು ಕೂಡಿದ ಮೇಲೆ ವೆಲ್ಡಿಂಗ್ ಮಾಡಿಸಬಹುದಾ?
– ಓದುಗರು, ಗೌರಿಬಿದನೂರು

ಉತ್ತರ: ಉಲ್ಟಾ ಮಾಡಿ. ವೆಲ್ಡಿಂಗ್, ಪ್ರೈಮರ್, ಬಣ್ಣ, ಕಟ್ಟಕಡೆಗೆ ಮೇಣ. ಮೇಣ ಹತ್ತಿಕೊಂಡು ಉರಿಯುತ್ತೆ. ನಾನು ಕೆಲಸ ಕಲಿಯುವಾಗ ಒಂದು ಗಾಡಿಯ ಪಟ್ಟಿಗೆ ವೆಲ್ಡಿಂಗ್ ಟಾರ್ಚ್ ಹಿಡಿದಿದ್ದೆ. ಮುಂದಿನ ಚಕ್ರದ ಹತ್ತಿರ ಬೆಸೆಯುತ್ತಿದ್ದರೆ ಹಿಂದಿನ ಚಕ್ರದ ಹತ್ತಿರದ ತೂತಿನಿಂದ ಹೊಗೆ ಬರುತ್ತಿತ್ತು. ನಮ್ಮ ಮೇಸ್ತ್ರಿ ಓಡಿಬಂದು ಆ ತೂತಿಗೇ ಬೆಂಕಿ ನಂದಿಸುವ ಪೌಡರ್ ಹೊಡೆದು ಆರಿಸಿದರು. ನಿಮ್ಮ ಗಾಡಿಗೆ ಈಗಾಗಲೇ ಮೇಣ ಹೊಡೆಸಿದ್ದರೆ ವೆಲ್ಡರ್‌ಗೆ ಬಾಯಿಬಿಟ್ಟು ಹೇಳಿ. ಅವರಿಗೆ ಒಳಗಡೆ ಕಾಣುವುದಿಲ್ಲ ಅಲ್ವಾ?